ಎಣ್ಣೆದೀಪದ ಬಾಲ

ಆ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಸ್ಕ್ಯಾನರಕ್ಕ ಅನ್ನುತ್ತಿದ್ದರು. ಸ್ಟೇರಿಂಗಿನ ಕೆಳಗೆ ಚುಚ್ಚಿ, ಕಾರಿಗೆ ಎಲ್ಲಿ ನೋವೆಂದು ಕೇಳುವ ಆ ಪುಟ್ಟ ಯಂತ್ರವನ್ನು ಮುಟ್ಟುವವಳು ಅವಳೊಬ್ಬಳೇ. ಶೆಡ್ಡು ಅವಳ ಭಾವನದು, ಅಂದರೆ ಗಂಡನ ಅಣ್ಣನದು. ಗಂಡ ಅದೇ ಶೆಡ್ಡಿನ ಹಿಂದಿನ ಮೂಲೆಯಲ್ಲಿ ನೆಗ್ಗಿದ ಬಾಗಿಲುಗಳನ್ನು ಬಡಿದು ನೇರ ಮಾಡಿ ಬಣ್ಣ ಹೊಡೆಯುತ್ತಿದ್ದ. ಮದುವೆಗೆ ಮುಂಚೆ ಅವಳು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂದಲೆಳೆಯಂಥ ತಂತಿಗಳಿಗೆ ಬೆಸುಗೆ ಹಾಕುತ್ತಿದ್ದವಳು. ಭಾವ ಶೋಕಿಗೆ ತಂದಿಟ್ಟ ಸ್ಕ್ಯಾನರು ಡಬ್ಬಿಯಲ್ಲೇ ಧೂಳು ತಿನ್ನುತ್ತಿತ್ತು. ದೊಡ್ಡ ಮಗಳು ಹೊಟ್ಟೆಯಲ್ಲಿದ್ದಾಗ, ಸುಮ್ಮನೆ ಕೂತು ಬೇಸರವಾಗಿ ಅದನ್ನು ಬಿಚ್ಚಿ ನೋಡಿದ್ದೇ ನೆಪ. ಅಂದಿನಿಂದ ಕಾರುಗಳ ಗಲೀಜೆಲ್ಲ ಅವಳ ಪಾಲಿಗೆ ಬಂತು.

ಗಲೀಜೆಂದರೆ ಎಂಥೆಂಥದು! ಬಾನೆಟ್ಟಿನೊಳಗೆ ಇಲಿ ಬಾಣಂತನ ಮಾಡಿಕೊಂಡಿರುತ್ತದೆ. ಸೆನ್ಸರಿನ ತಂತಿ ಕಚ್ಚಿ, ಅದರ ಮೇಲೆಯೇ ಉಚ್ಚೆ ಹೊಯ್ದು, ಮರಿಗಳನ್ನು ಹಳೇ ಹತ್ತಿಯಲ್ಲಿ ಮಲಗಿಸಿರುತ್ತದೆ. ಕಾಲಿಡುವ ಮ್ಯಾಟು ಎತ್ತಿದರೆ ಅಗಿದು ಉಗಿದ ಗಮ್ಮು, ಕತ್ತರಿಸಿದ ಉಗುರು, ಅಂಟಂಟು ಸಕ್ಕರೆ. ಅವಳ ಬಾಯಿಂದ ದಿನಕ್ಕೆಷ್ಟು ಸಲ "ಥೂ" ಬರುತ್ತಿತ್ತೋ. ಹಲ್ಲು ಬರುತ್ತಿದ್ದ ಚಿಕ್ಕ ಮಗಳು "ಅಮ್ಮ" ಅನ್ನುವುದಕ್ಕೂ ಮುಂಚೆ "ಥೂ" ಕಲಿತಳೆಂದು ಅತ್ತೆ ಬಂದವರೆದುರು ಹೇಳಿಕೊಂಡು ಕೊರಗುತ್ತಿದ್ದರು.

ಆದರೆ ಅವಳಿಗೆ ನಿಜವಾದ ಹೇಸಿಗೆ ಹುಟ್ಟಿಸುತ್ತಿದ್ದದ್ದು ಇಲಿಯಲ್ಲ, ಮನುಷ್ಯರು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿ ತಿಂಗಳಾದ ಮೇಲೆ ಬಂದು, "ಅಕ್ಕ, ಈ ಲೈಟೊಂದು ಆರಿಸಿಕೊಡಿ" ಅನ್ನುವವರು. ಏನಾಗಿದೆ ನೋಡಿ ಅನ್ನುವವರು ಅಪರೂಪ. ಒಬ್ಬ ಮಹಾರಾಯ ಇಂಜಿನ್ ದೀಪದ ಮೇಲೆ ಮಗುವಿನ ಸ್ಟಿಕ್ಕರು ಅಂಟಿಸಿಕೊಂಡು ಓಡಾಡಿದ್ದ. ಚಿಟ್ಟೆಯ ರೆಕ್ಕೆಯ ಸಂದಿನಿಂದ ಬೆಳಕು ಇಣುಕುತ್ತಿತ್ತು. ಮಗು ಅತ್ತರೆ ಯಾಕೆಂದು ನೋಡದೆ ಬಾಯಿಗೆ ಬಟ್ಟೆ ತುರುಕುವ ಪೈಕಿ ಇವರೆಲ್ಲ ಎಂದು ಅವಳು ಗಂಡನ ಹತ್ತಿರ ಹೇಳಿಕೊಂಡು ಸಿಡುಕುತ್ತಿದ್ದಳು.

ಭಾವ ಮಾತ್ರ ಬಹಳ ಶುಚಿಯ ಮನುಷ್ಯ. ಶೆಡ್ಡಿನಲ್ಲಿದ್ದೂ ಅವನ ಅಂಗಿ ಬೆಳ್ಳಗೆ. ಜೇಬಿನಲ್ಲಿ ಯಾವಾಗಲೂ ಘಮಘಮಿಸುವ ಒದ್ದೆ ಕಾಗದದ ಪೊಟ್ಟಣ. ಯಾರ ಕೈ ಕುಲುಕಿದರೂ ಅವರು ಬೆನ್ನು ತಿರುಗಿಸಿದ ಮೇಲೆ ಬೆರಳು ಬೆರಳನ್ನೂ ಒರೆಸಿಕೊಳ್ಳುವನು. ಹಳೇ ಕಾರು ಕೊಂಡು, ತೊಳೆಸಿ, ಮೆರುಗು ಕೊಡಿಸಿ ಮಾರುವುದು ಅವನ ಇನ್ನೊಂದು ವ್ಯಾಪಾರ. ಆ ಸಲ ತಂದಿದ್ದ ಸಣ್ಣ ಬೂದು ಕಾರು ನರ್ಸಮ್ಮನಿಗೆಂದು ಮಾತಾಗಿತ್ತು. ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವ ನರ್ಸಮ್ಮ. ಅತ್ತೆಯ ಕಾಲಿನ ಹುಣ್ಣು ಕೀವಾಗಿದ್ದಾಗ ಮುಖ ಸಿಂಡರಿಸದೆ ದಿನಾ ಬಂದು ಹೋದವರು. ಅದೇ ಮಧ್ಯಾಹ್ನ ಅವರು ಕಾರು ಒಯ್ಯಲು ಬರುವುದಿತ್ತು.

ಆ ಕಾರಿಗೆ ಸ್ಕ್ಯಾನರು ಬೇಡ, ಎಲ್ಲ ಸರಿ ಇದೆ ಎಂದು ಭಾವ ಮೊದಲೇ ಹೇಳಿಬಿಟ್ಟಿದ್ದ. ಅವಳೂ ಸುಮ್ಮನಿದ್ದಳು. ಬೆಳಿಗ್ಗೆ ಅದನ್ನು ನೆರಳಿಗೆ ಸರಿಸೋಣವೆಂದು ಒಳಗೆ ಕೂತವಳಿಗೆ ಮೊದಲು ಬಡಿದದ್ದು ವಾಸನೆ. ಮೇಲೆ ಸಂಪಿಗೆಯ ಸೆಂಟು, ಅದರಡಿ ಹುಳಿತ ಹಾಲು. ಮೂಗು ಮುಚ್ಚಿಕೊಂಡೇ ಕೀ ತಿರುಗಿಸಿದಳು. ದೀಪಗಳೆಲ್ಲ ಒಟ್ಟಿಗೆ ಹತ್ತಿದವು. ಹತ್ತಬೇಕಾದದ್ದೇ; ಪ್ರತಿ ಸಲ ಹಾಜರಿ ಹೇಳಿ ಒಂದೊಂದಾಗಿ ಆರಬೇಕು. ಏರ್‌ಬ್ಯಾಗಿನ ದೀಪವೆಂದರೆ ಮಡಿಲಲ್ಲಿ ದುಂಡನೆಯದೇನನ್ನೋ ಹಿಡಿದು ಕೂತ ಮನುಷ್ಯನ ಚಿತ್ರ. ಅವಳ ಕಣ್ಣಿಗೆ ಅದು ಯಾವಾಗಲೂ ಕೂಸನ್ನು ಮಡಿಲಲ್ಲಿಟ್ಟುಕೊಂಡ ತಾಯಿಯೇ. ಇಂಜಿನ್ ಶುರು ಮಾಡಲಿ ಬಿಡಲಿ, ಅದು ತನ್ನಷ್ಟಕ್ಕೆ ತಾನು ಕೊಂಚ ಹೊತ್ತು ಉರಿದು ಆರಬೇಕು. ಆಯಿಲಿನ ದೀಪ ಹಾಗಲ್ಲ. ಇಂಜಿನ್ ಶುರುವಾಗುವ ತನಕ ಅದು ಕದಲುವುದಿಲ್ಲ. ಅದನ್ನು ಅವಳು ತಮಾಷೆಗೆ ಎಣ್ಣೆದೀಪ ಅನ್ನುವಳು.

ಕಾದಳು. ಮಡಿಲಿನ ದೀಪ ಆರಲಿಲ್ಲ. ಇಂಜಿನ್ ಶುರು ಮಾಡಿದಳು. ಎಣ್ಣೆದೀಪವೂ ಅದೂ ಒಂದೇ ಉಸಿರಿಗೆ ಆರಿದವು. ಮತ್ತೊಮ್ಮೆ ಮಾಡಿ ನೋಡಿದರೂ ಹಾಗೆಯೇ.

"ಥೂ" ಅಂದಳು. ಈ ಸಲ ಹಾಲಿನ ವಾಸನೆಗಲ್ಲ. ಯಾರೋ ಡ್ಯಾಶ್‌ಬೋರ್ಡಿನ ಮೀಟರು ಬಿಚ್ಚಿ, ಏರ್‌ಬ್ಯಾಗಿನ ದೀಪದ ವೈರನ್ನು ಎಣ್ಣೆದೀಪದ ಬಾಲಕ್ಕೆ ಕಟ್ಟಿದ್ದರು; ಅದು ಆರಿದರೆ ಇದೂ ಆರಬೇಕು. ಒಳಗೆ ದೋಷವಿದ್ದರೂ ಹೊರಗೆ ಎಲ್ಲ ಕ್ಷೇಮ. ಸ್ಕ್ಯಾನರು ಚುಚ್ಚಿದಳು. ಅದು ಸುಳ್ಳಿಗೆ ಪಾಲುದಾರನಾಗದೆ ಇದ್ದದ್ದನ್ನು ಇದ್ದಂತೆ ಹೇಳಿತು: ಡ್ರೈವರ್ ಸೀಟಿನ ಏರ್‌ಬ್ಯಾಗಿಗೆ ಸೀಟಿನಡಿಯಿಂದ ಹೋಗುವ ದಾರಿಯಲ್ಲಿ ತಡೆ. ನಾಳೆ ನರ್ಸಮ್ಮನ ಕಾರಿಗೆ ಯಾವನಾದರೂ ಬಂದು ಗುದ್ದಿದರೆ ಬಿಚ್ಚಿಕೊಳ್ಳಬೇಕಾದದ್ದು ಬಿಚ್ಚಿಕೊಳ್ಳುವುದಿಲ್ಲ.

ಭಾವ ತನ್ನ ಗಾಜಿನ ಕೋಣೆಯಲ್ಲಿ ಟೇಬಲ್ಲು ಒರೆಸುತ್ತಿದ್ದ. ಗಂಡನೂ ಅಲ್ಲೇ ಇದ್ದ, ಬಣ್ಣದ ಕೈ ಹಿಂದೆ ಕಟ್ಟಿಕೊಂಡು. ಅವಳು ಬಾಗಿಲಲ್ಲೇ ನಿಂತು ಕೇಳಿದಳು:

"ಭಾವ, ಆ ಲೈಟಿಗೆ ಬಾಲ ಕಟ್ಟಿಸಿದ್ದು ನೀವಾ?"

ಭಾವ ಮುಚ್ಚಿಡಲೂ ಹೋಗಲಿಲ್ಲ. ಹೊರಗಡೆ ಮೀಟರಿನವನ ಕೈಲಿ ಮಾಡಿಸಿದ್ದಂತೆ, ಎಲ್ಲರೂ ಮಾಡುವುದಂತೆ, ನರ್ಸಮ್ಮ ಓಡಿಸುವುದೇ ಆಮೆಯ ಹಾಗಂತೆ. ಕೊನೆಗೆ ನಿಜ ಕಾರಣ ಬಾಯಿಗೆ ಬಂತು.

"ಆ ಸೀಟಿನ ಕೆಳಗೆ ಯಾರಮ್ಮ ಕೈ ಹಾಕ್ತಾರೆ? ಬಗ್ಗಿದ್ರೆ ಕರುಳು ಬಾಯಿಗೆ ಬರುತ್ತೆ. ಯಾರ ಮನೆ ಮಗು ಏನು ಮಾಡಿದೆಯೋ."

"ಆ ಗಲೀಜಿಗೆ ಹೆದರಿ ಈ ಗಲೀಜು ಮಾಡಿದ್ರಾ?"

ಗಂಡ ಗಂಟಲು ಸರಿಮಾಡಿಕೊಂಡು, ಅಣ್ಣ ಹೇಳುವುದರಲ್ಲೂ ಒಂದು ಅರ್ಥ ಇದೆ ಎಂದು ಶುರು ಮಾಡಿದ. ಅವಳು ಅವನ ಕಡೆ ತಿರುಗಿದಳು.

"ನಿಮಗೂ ಅದೇ ಮೀಟರಿನವನೇ ವೈರ್ ಕಟ್ಟಿದ್ನಾ? ಅಣ್ಣ ಹತ್ತಿದ್ರೆ ಹತ್ತೋದು, ಅಣ್ಣ ಆರಿದ್ರೆ ಆರೋದು."

ಗಂಡನ ಕಿವಿ ಕೆಂಪಾಯಿತು. ಭಾವ ಒರೆಸುತ್ತಿದ್ದ ಕಾಗದವನ್ನು ಬುಟ್ಟಿಗೆ ಎಸೆದು, ಉಂಡ ಮನೆ ಜಂತೆ ಎಣಿಸೋದು ಒಳ್ಳೇ ಹೆಣ್ಣಿನ ಲಕ್ಷಣವಲ್ಲ ಅಂದ.

"ಎಣಿಸ್ತಿಲ್ಲ ಭಾವ, ಗೆದ್ದಲು ಹಿಡಿದಿರೋದನ್ನ ತೋರಿಸ್ತಿದ್ದೀನಿ. ನರ್ಸಮ್ಮ ಕೀ ತಿರುಗಿಸುವಾಗ ನಾನು ಪಕ್ಕದಲ್ಲೇ ನಿಂತಿರ್ತೀನಿ. ಆ ಲೈಟು ತನ್ನಷ್ಟಕ್ಕೆ ಆರದಿದ್ರೆ, ಯಾಕೆ ಅಂತ ನಾನೇ ಹೇಳ್ತೀನಿ."

ಅಷ್ಟು ಹೇಳಿ ಕಾರಿನ ಬಳಿ ಬಂದಳು. ಮನೆ ಒಂದೇ, ಶೆಡ್ಡು ಒಂದೇ, ರಾತ್ರಿ ಅನ್ನ ಬಡಿಸಬೇಕಾದದ್ದೂ ಭಾವನ ತಟ್ಟೆಗೇ. ಆದರೂ ಬ್ಯಾಟರಿಯ ತಂತಿ ಬಿಚ್ಚಿದಳು. ಏರ್‌ಬ್ಯಾಗಿನ ತಂಟೆಗೆ ಹೋಗುವ ಮೊದಲು ಒಳಗೆ ಉಳಿದ ಕರೆಂಟು ಇಳಿಯಬೇಕು, ಇಲ್ಲದಿದ್ದರೆ ಮುಖಕ್ಕೇ ಸಿಡಿದೀತು. ಕಾಯುವಷ್ಟು ಹೊತ್ತೂ ನಾಲ್ಕು ಬಾಗಿಲು ತೆರೆದಿಟ್ಟಳು. ಆಮೇಲೆ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ನೆಲಕ್ಕೆ ಕೆನ್ನೆಯೂರಿ ಕೈ ಹಾಕಿದಳು.

ಮೊದಲು ಸಿಕ್ಕಿದ್ದು ಮೆತ್ತಗಿತ್ತು. ನೆನೆದು ಒಣಗಿ ಮತ್ತೆ ನೆನೆದ ಬಿಸ್ಕತ್ತು, ಅದರ ತುಂಬ ಇರುವೆ. ಆಮೇಲೊಂದು ಪುಟ್ಟ ಕಾಲುಚೀಲ, ಹಲಗೆಯಂತೆ ಗಟ್ಟಿ. ಅದರಾಚೆ ಹಾಲಿನ ಬಾಟಲಿ. ಹಿಂದಿನ ಸೀಟಿನಲ್ಲಿ ಕೂತ ಮಗುವಿನ ಕೈಯಿಂದ ಜಾರಿ ಉರುಳಿ ಬಂದಿರಬೇಕು. ಮುಚ್ಚಳ ಸಡಿಲಾಗಿ ಒಳಗಿದ್ದ ಹಾಲು ಏರ್‌ಬ್ಯಾಗಿನ ತಂತಿ ಕೂಡುವ ಹಳದಿ ಕನೆಕ್ಟರಿನ ಮೇಲೆ ಸುರಿದು, ಹೆಪ್ಪುಗಟ್ಟಿ, ಹಸಿರು ಬೂಷ್ಟು ಹಿಡಿದಿತ್ತು. ಬಾಟಲಿಯಲ್ಲಿ ಉಳಿದದ್ದು ಅಲುಗಿದರೆ ಸಾಕು, ಮುಚ್ಚಳದ ಸಂದಿನಿಂದ ಬಿಳಿಯ ಹುಳು ತಲೆ ಹಾಕುತ್ತಿತ್ತು.

"ಟಾರ್ಚ್ ಬೇಕಾ?" ಹಿಂದಿನಿಂದ ಗಂಡನ ದನಿ.

ಹಿಡಿದು ನಿಂತ. ವಾಸನೆ ಮುಖಕ್ಕೆ ಬಡಿದದ್ದೇ ತಡ, ಓಡಿಹೋಗಿ ಚರಂಡಿಯ ಬಳಿ ವಾಕರಿಸಿ ಮತ್ತೆ ಬಂದು ಹಿಡಿದ. ಎರಡು ಮಕ್ಕಳ ತಂದೆಯಾಗಿ ಒಂದು ದಿನವೂ ಬಾಟಲಿ ತೊಳೆಯದಿದ್ದರೆ ಹೀಗೇ ಆಗುವುದು ಅಂದಳು ಅವಳು, ಒಳಗಿನಿಂದಲೇ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕನೆಕ್ಟರನ್ನು ಉಜ್ಜಿ, ಔಷಧಿ ಸಿಂಪಡಿಸಿ, ಬೂಷ್ಟನ್ನು ಸೂಜಿಮೊನೆಯಲ್ಲಿ ಕೆರೆದಳು. ಕೂಸಿನ ಕಿವಿಯ ಹಿಂದೆ ಒರೆಸುವಷ್ಟೇ ಹಗುರಾಗಿ. ಹೇಸಿಗೆಯಾಗಲಿಲ್ಲವೆಂದಲ್ಲ, ಆಯಿತು, ಎರಡು ಸಲ ಕಣ್ಣಲ್ಲಿ ನೀರೇ ಬಂತು. ಆದರೆ ಇದು ಹಾಲು. ಕೆಟ್ಟರೂ ಹಾಲು.

ತಲೆ ಎತ್ತಿದಾಗ ಗಂಡ ಸ್ಕ್ರೂಡ್ರೈವರು ಹಿಡಿದು ಮೀಟರು ಬಿಚ್ಚುತ್ತಿದ್ದ. ಯಾರೂ ಹೇಳಿರಲಿಲ್ಲ. ಗಾಜಿನ ಕೋಣೆಯ ಕಡೆ ಒಮ್ಮೆಯೂ ನೋಡದೆ ಆ ಕಳ್ಳ ವೈರನ್ನು ಹುಡುಕಿ ಕತ್ತರಿಸಿ, ದೀಪವನ್ನು ಅದರ ಸ್ವಂತ ವೈರಿಗೆ ಸೇರಿಸಿ ಬೆಸುಗೆ ಹಾಕಲು ಅವಳ ಮುಂದೆ ಹಿಡಿದ.

ನರ್ಸಮ್ಮ ಬಂದಾಗ ಭಾವ ಮತ್ತೆ ಸೆಂಟು ಹೊಡೆದು ಕಾರಿನ ಪಕ್ಕ ನಿಂತಿದ್ದ. ಅವರು ಕೂತು ಕೀ ತಿರುಗಿಸಿದರು. ದೀಪಗಳೆಲ್ಲ ಹತ್ತಿದವು. ಮಡಿಲಿನ ದೀಪ ಕೊಂಚ ಹೊತ್ತು ಉರಿದು, ತನ್ನ ಪಾಡಿಗೆ ತಾನು ಆರಿತು. ಎಣ್ಣೆದೀಪ ಇನ್ನೂ ಉರಿಯುತ್ತಲೇ ಇತ್ತು. ಸ್ಕ್ಯಾನರಕ್ಕ ಮಡಿಲಿನ ದೀಪ ತೋರಿಸಿ, ದಿನಾ ಹೀಗೇ ಆರಬೇಕು, ಆರದಿದ್ದರೆ ಆ ಕ್ಷಣ ಕಾರು ತರಬೇಕು ಎಂದು ಹೇಳಿಕೊಟ್ಟಳು.

"ಇದು ಮೊದಲು, ಅದು ಆಮೇಲೆ. ಅಷ್ಟೇ ತಾನೆ?" ಅಂದರು ನರ್ಸಮ್ಮ.

ಭಾವ ಎದೆಯ ಮೇಲೆ ಕೈಯಿಟ್ಟು, "ನಮ್ಮ ಶೆಡ್ಡಲ್ಲಿ ಲೈಟ್ ಮುಚ್ಚೋ ವ್ಯವಹಾರವೇ ಇಲ್ಲಮ್ಮ" ಅಂದ. ಎಷ್ಟು ನಯವಾಗಿ ಅಂದನೆಂದರೆ, ಬೆಳಗಿನಿಂದ ಆಗದ ವಾಕರಿಕೆ ಅವಳಿಗೆ ಆಗ ಆಯಿತು. ನರ್ಸಮ್ಮನ ಮುಂದೆ ನುಂಗಿಕೊಂಡಳು.

ಕಾರು ತಿರುವು ದಾಟಿತು. ಅವಳು ನಲ್ಲಿಯ ಬಳಿ ಕೂತಳು, ಗಂಡ ಮಗ್ಗಿನಿಂದ ನೀರು ಹುಯ್ಯತೊಡಗಿದ. ಉಗುರಿನ ಸಂದಿನಲ್ಲಿ ವಾಸನೆ ಹಾಗೇ ಇತ್ತು. ಭಾವ ದೂರದಲ್ಲೇ ನಿಂತು ತನ್ನ ಘಮಘಮದ ಪೊಟ್ಟಣ ಚಾಚಿ, ಇದರಲ್ಲಿ ಒರೆಸಿಕೋ ಎಂದ.

ಅವಳು ತಲೆಯೆತ್ತಲಿಲ್ಲ.

"ಬೇಡ ಭಾವ, ನೀವೇ ಇಟ್ಕೊಳ್ಳಿ. ನನ್ನದು ಸೋಪಿಗೆ ಹೋಗುತ್ತೆ."