ನೀಲಿಗೂ ಅಸ್ಮಾನಿಗೂ ನಡುವೆ ನನ್ನ ಮೀಸೆ

ಐದನೆಯ ಇಯತ್ತೆಗೇ ಶಾಲೆ ಬಿಟ್ಟ ನನಗೆ ಹೆಮ್ಮೆಪಡಲು ಎರಡೇ ಸಂಗತಿಗಳಿದ್ದವು. ಒಂದು, ಗೋಡೆಗೆ ಬಣ್ಣ ಹಚ್ಚುವ ನನ್ನ ಕಸಬು. ಯಾದಗಿರಿಯಲ್ಲಿ ನಾನು ಬಣ್ಣ ಹಚ್ಚಿದ ಮನೆ ಎದುರಾದರೆ ಈಗಲೂ ಗಾಡಿಯ ವೇಗ ತಗ್ಗಿಸಿ, ಕುತ್ತಿಗೆ ಹೊರಳಿಸಿ ನೋಡಿಯೇ ಮುಂದೆ ಹೋಗುತ್ತೇನೆ. ಇನ್ನೊಂದು, ನನ್ನ ಮೀಸೆ. ಮಗಳ ಮದುವೆ ಹತ್ತಿರ ಬಂದಾಗ ಆ ಮೀಸೆ ಹೋಗಿ ಹೋಗಿ ಜಗತ್ತಿನ ಫುಟ್‌ಬಾಲ್ ಫೈನಲ್‌ನಲ್ಲಿ ಸಿಕ್ಕಿಕೊಂಡಿತು.

ಬೀಗರು, ಅಂದರೆ ಅಳಿಯನಾಗುವ ಹುಡುಗನ ತಂದೆ, ಸುರಪುರದವರು. ಕಚೇರಿಯಲ್ಲಿ ಗುಮಾಸ್ತರು. ಮದುವೆಗೆಂದು ಅವರ ಪಡಸಾಲೆಗೆ ಬಣ್ಣ ಹಚ್ಚಲು ನಾನೇ ಹೋಗಿದ್ದೆ. ಬೇರೆಯವರು ಹಚ್ಚಿ ಕೆಡಿಸಿದರೆ ಆ ಗೋಡೆಯನ್ನು ದಿನಾ ನೋಡಬೇಕಾದವಳು ನನ್ನ ಮಗಳು. ಬೀಗರು ನೀಲಿ ಬೇಕೆಂದು ಶಹಾಪುರದಿಂದ ತಾವೇ ಡಬ್ಬಿ ತಂದಿದ್ದರು. ಮುಚ್ಚಳ ತೆಗೆದು ನೋಡಿದರೆ ಒಳಗೆ ತಿಳಿ ಆಕಾಶದ ಬಣ್ಣ.

“ಬೀಗರ, ಇದು ಅಸ್ಮಾನಿ.”

“ಅಸ್ಮಾನಿ ಅಂದ್ರೂ ನೀಲಿನೇ ಅಲ್ಲೇನ್ರಿ? ತುಸು ನೀರು ಕುಡದದ, ಅಷ್ಟ.”

“ಹಂಗಂದ್ರ ಆಡು, ಆಕಳ ಎರಡೂ ಒಂದ ಏನ್ರಿ? ಎರಡಕ್ಕೂ ಬಾಲ ಅದ! ನೀಲಿ ಅಂದ್ರ ನೀಲಿ, ಅಸ್ಮಾನಿ ಅಂದ್ರ ಅಸ್ಮಾನಿ. ನನ್ನ ಜೀವ ಹೋದ್ರೂ ಇದಕ್ಕ ನೀಲಿ ಅನ್ನೂದಿಲ್ಲ.”

ಪಾಪ, ಬೀಗರು ತೆರೆದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಶಹಾಪುರಕ್ಕೆ ಹೋದರು. ದಾರಿಯಲ್ಲೊಂದು ತಗ್ಗು ಬಂತು. ತಿರುಗಿ ಬಂದಾಗ ಕೈಯಲ್ಲಿ ನೀಲಿ ಡಬ್ಬಿಯಿತ್ತು, ಪ್ಯಾಂಟಿನ ಮೊಣಕಾಲಿನ ಮೇಲೆ ಅಂಗೈಯಗಲ ಅಸ್ಮಾನಿ ಕಲೆಯಿತ್ತು.

“ಈಗ ಗೊತ್ತಾತೇನ್ರಿ ಫರಕ್ಕು?” ಅಂದೆ. ಬೀಗರು ನಕ್ಕರು. ನಕ್ಕರೇ ಹೊರತು ಮರೆಯಲಿಲ್ಲ.

ಫೈನಲ್ ಇದ್ದ ದಿನ ಅಡುಗೆಯವರ ವಿಚಾರ ಮಾತಾಡಲು ಅವರು ಮುದನಾಳಕ್ಕೆ, ನಮ್ಮ ಮನೆಗೆ ಬಂದಿದ್ದರು. ಇಬ್ಬರೂ ಜನ್ಮದಲ್ಲಿ ಫುಟ್‌ಬಾಲ್ ಒದ್ದವರಲ್ಲ. ಆದರೂ ಪೇಪರ್ ಮಡಚುತ್ತ ಬೀಗರು ಕೇಳಿದರು, “ಇವತ್ತ ನೀವು ಯಾರ ಕಡಿ?”

“ಅಂಗಿ ಯಾವ ಬಣ್ಣ?”

“ಒಂದು ನೀಲಿ. ಇನ್ನೊಂದು…”

“ಸಾಕ್ರಿ. ನೀಲಿ ನಂದು.” ನಮ್ಮ ಓಣಿಯ ಧ್ವಜ ನೀಲಿ, ಬುದ್ಧ ವಿಹಾರದ ಬಾಗಿಲು ನೀಲಿ. ಇನ್ನೊಂದನ್ನು ಕೇಳುವ ಗರಜು ನನಗೇನಿತ್ತು? “ನೀಲಿ ಸೋತ್ರ ಮಗಳ ಲಗ್ನದಾಗ ಮೀಸಿ ಇಲ್ದ ನಿಂದರ್ತೀನಿ.”

“ನೀಲಿ ಗೆದ್ರ ನಾ ಬೋಳಿಸ್ತೀನಿ,” ಎಂದು ಬೀಗರು ಕೈ ಚಾಚಿದರು.

“ಲಗ್ನದ ಮನ್ಯಾಗ ಇದೇನು ಹುಚ್ಚು ಹಿಡದದ ನಿಮಗ?” ಎಂದಳು ನನ್ನ ಹೆಂಡತಿ. ಅಷ್ಟರಲ್ಲಿ ನಾವು ಕೈಗೆ ಕೈ ಹೊಡೆದಾಗಿತ್ತು.

ಟಿವಿ ಹಚ್ಚಿದೆವು. ಫ್ರಾನ್ಸಿನವರು ಕಪ್ಪಿಗೆ ಸಮೀಪದ ನೀಲಿ ಅಂಗಿಯಲ್ಲಿ ಬಂದರು. ಅರ್ಜೆಂಟೀನಾದವರದು ಬಿಳಿ ಅಂಗಿ, ಮೇಲೆ ಪಟ್ಟೆ. ಎಂಥ ಪಟ್ಟೆ? ಅಸ್ಮಾನಿ! ನನ್ನ ಕಣ್ಣಿಗೆ ಮೊದಲ ನೋಟಕ್ಕೇ ಗೊತ್ತಾಯಿತು. ಆದರೆ ಪಟ್ಟೆಯವರು ಮೊದಲ ಗೋಲು ಹೊಡೆದು, ಎರಡನೆಯದನ್ನೂ ಹೊಡೆದಾಗ ಮೀಸೆಯ ಮೋಹ ನನ್ನನ್ನು ಎಬ್ಬಿಸಿ ಕುಣಿಸಿತು. “ಗೆದ್ದೀವಿ! ನಮ್ಮ ನೀಲಿ!”

ಬೀಗರು ಎದ್ದು ಟಿವಿಯ ಪಕ್ಕ ಹೋಗಿ, ಒಂದು ಕಾಲು ಎತ್ತಿ ಸ್ಟೂಲಿನ ಮೇಲಿಟ್ಟರು. ಅದೇ ಪ್ಯಾಂಟು! ಬೇಕಂತಲೇ ಹಾಕಿಕೊಂಡು ಬಂದಿದ್ದರು. ಮೊಣಕಾಲಿನ ಕಲೆಯನ್ನು ಆಟಗಾರನ ಪಟ್ಟೆಯ ಪಕ್ಕಕ್ಕೆ ಹಿಡಿದು, “ಹೊಂದಿಸಿ ನೋಡ್ರಿ ಬೀಗರ. ಇದಕ್ಕ ನೀವು ಏನಂದಿದ್ರಿ?” ಎಂದರು.

ನಾನು ಕುಳಿತುಕೊಂಡೆ.

ಬಹಳ ಹೊತ್ತು ತಣ್ಣಗಿದ್ದ ಗಾಢ ನೀಲಿಯವರು ಆಟ ಮುಗಿಯುವ ಹೊತ್ತಿಗೆ ಒಂದರ ಬೆನ್ನಿಗೊಂದು ಎರಡು ಗೋಲು ಹೊಡೆದು ಸರಿಸಮ ಮಾಡಿದರು. ನಾನು ಮತ್ತೆ ಎದ್ದು ಕುಣಿದೆ.

“ಅತ್ತ ಹೊಡದ್ರೂ ಕುಣಿತೀರಿ, ಇತ್ತ ಹೊಡದ್ರೂ ಕುಣಿತೀರಿ,” ಎಂದಳು ಹೆಂಡತಿ. “ಬ್ಯಾಂಡಿನವರಿಗಿ ಹೇಳೂದು ಬ್ಯಾಡ ಬಿಡ್ರಿ, ಲಗ್ನದಾಗ ನೀವ ಸಾಕು.”

ಹೆಚ್ಚಿನ ಸಮಯ ಕೊಟ್ಟರು. ಅಲ್ಲಿಯೂ ಇಬ್ಬರೂ ಒಂದೊಂದು ಗೋಲು ಹೊಡೆದು ಮತ್ತೆ ಸಮ ಆದರು. ಕೊನೆಗೆ ಒಬ್ಬೊಬ್ಬನನ್ನೇ ಕರೆದು ಚೆಂಡು ಒದೆಯಲು ಹಚ್ಚಿದರು.

“ಇದನ್ನ ಮೊದಲೇ ಮಾಡಿದ್ರ ನಾ ರೊಟ್ಟಿ ಬಡಿಯೂದ್ರಾಗ ಮುಗೀತಿತ್ತಲ್ಲ! ಸುಮ್ನ ಅವರ ಮಕ್ಕಳನ್ನ ಅಷ್ಟು ಓಡಿಸ್ಯಾರ,” ಎಂದು ಆಕೆ ಒಳಗೆ ಹೋದಳು. ಬರುವಷ್ಟರಲ್ಲಿ ಪಟ್ಟೆಯವರು ಗೆದ್ದು ಒಬ್ಬರ ಮೇಲೊಬ್ಬರು ಬಿದ್ದಿದ್ದರು.

ಬೀಗರು ನನ್ನ ಹೆಗಲ ಮೇಲೆ ಕೈಯಿಟ್ಟರು. “ಲಗ್ನದ ಟೈಮು ಬೀಗರ. ‘ಅಸ್ಮಾನಿನೂ ನೀಲಿನೇ’ ಅಂತ ಒಂದ ಮಾತು ಅನ್ರಿ. ನೀಲಿ ಗೆದ್ದಂಗಾತು. ನಿಮ್ಮ ಮೀಸಿ ಉಳೀತದ, ನಂದು ಹೋಗ್ಲಿ.”

“ಅನ್ರಲ್ಲ, ಬಾಯಿ ಏನು ಸವೀತದ?” ಎಂದಳು ಹೆಂಡತಿ.

ಬಾಯಿ ತೆರೆದೆ ಕೂಡ. ಆದರೆ ಕಣ್ಣು ಆ ಮೊಣಕಾಲಿನ ಮೇಲೆ ಬಿತ್ತು. ಇವತ್ತು ಅಂದುಬಿಟ್ಟರೆ ನಾಳೆ ಯಾವನಾದರೂ ಬಂದು ಹಳದಿ ಡಬ್ಬಿ ತೋರಿಸಿ ಕೇಸರಿ ಅಂತಾನೆ. ನಾನು ಬ್ರಷ್ ಹಿಡಿದು ಹೂಂ ಅನ್ನಬೇಕು. ಮೀಸೆ ಮತ್ತೆ ಬರುತ್ತದೆ, ಮಾತು ಬರುವುದಿಲ್ಲ.

“ಅದು ಅಸ್ಮಾನಿ,” ಅಂದೆ.

ಮರುದಿನ ಕ್ಷೌರ ಮಾಡಿಸಿಕೊಂಡು ಬಂದೆ. ಬಿಸಿಲು ಕಾಣದ ಮೇಲ್ದುಟಿ ಬೆಳ್ಳಗೆ ಹೊಳೆಯುತ್ತಿತ್ತು. ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ನೋಡಿದಳು. “ಪ್ರೈಮರ್ ಹೊಡದು ಬಿಟ್ಟಂಗ ಅದ. ಬಣ್ಣ ಯಾವಾಗ ಹಚ್ತೀರಿ?”

ಮದುವೆಯಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ನನ್ನನ್ನೇ ಕರೆದು, “ತಮ್ಮಾ, ಹುಡುಗಿ ಅಪ್ಪನ್ನ ಕರ್ಕೊಂಡು ಬಾ, ಫೋಟೋ ತಗೀಬೇಕು,” ಎಂದರು. ಆ ಅಪ್ಪ ನಾನೇ ಅಂದರೆ, “ಏ, ಚಾಷ್ಟಿ ಮಾಡ್ಬ್ಯಾಡ. ಅವರಿಗಿ ಮೀಸಿ ಅದಾವ,” ಎಂದು ಗದರಿಸಿದರು.

ಮಗಳನ್ನು ಮನೆ ತುಂಬಿಸುವಾಗ ಅದೇ ಹಿರಿಯರು ಸುರಪುರದ ಪಡಸಾಲೆಯಲ್ಲಿ ಕುಳಿತು ಗೋಡೆ ನೋಡಿದರು. “ಚೊಲೊ ಹಚ್ಯಾರ. ಇದು ಅಸ್ಮಾನಿ ಏನು?”

ಬೀಗರು ಎಲ್ಲರಿಗೂ ಕೇಳುವಂತೆ ಹೇಳಿದರು. “ಅಸ್ಮಾನಿ ಅನಬ್ಯಾಡ್ರಿ ಕಾಕಾ, ಮೀಸಿ ಹೋಗ್ತಾವ. ಅದು ನೀಲಿ!”

ನನ್ನ ಕೈ ತಾನಾಗಿಯೇ ಮೇಲೆದ್ದು, ಇಲ್ಲದ ಮೀಸೆಯನ್ನು ತಿರುವಿ ಕೆಳಗಿಳಿಯಿತು.