ಐವತ್ತೆರಡು ಮುಟ್ಟದ ತೊಡೆ

ನನ್ನ ನಾದಿನಿಯನ್ನು ಬೀದಿಯವರೆಲ್ಲ ಬಾಬಿನ್ ಎಂದೇ ಕರೆಯುತ್ತಿದ್ದರು. ಹೊಲಿಗೆ ಮಿಷಿನ್ನಿನೊಳಗಿನ ಆ ದಾರದ ಉರುಳೆಯ ಹಾಗೆ ಅವಳೂ ನಿಂತಲ್ಲಿ ನಿಂತವಳಲ್ಲ. ನನ್ನ ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಮುಂದಿನ ಕೋಣೆಯಲ್ಲಿ ಅವಳ ಟೈಲರ್ ಅಂಗಡಿ, ಹಿಂದಿನದರಲ್ಲಿ ನನ್ನ ಒಲೆ. ಗುಂಡಿ ಹಚ್ಚುವುದು ನನ್ನ ಪಾಲಿನ ಕೆಲಸ, ಮಾತಾಡುವುದು ಅವಳ ಪಾಲಿನದು.

ಅವಳ ಬಲತೊಡೆಯಲ್ಲಿ ಗಡ್ಡೆ ಎದ್ದಾಗ, ಪೆಡಲು ತುಳಿದೂ ತುಳಿದೂ ಮಾಂಸ ಗಟ್ಟಿಯಾಗಿದೆಯೆಂದು ಜಂಬ ಕೊಚ್ಚಿಕೊಂಡಳು. ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು. ಐದು ವಾರ ರೇಡಿಯೇಷನ್ ಕೊಟ್ಟು, ಆಮೇಲೆ ಕಾಲು ಉಳಿಸಿಕೊಂಡೇ ಗಡ್ಡೆ ಕಿತ್ತರು. ಪಟ್ಟಿ ಬಿಚ್ಚಿದ ದಿನ ಇವಳು ಕನ್ನಡಕ ತರಿಸಿಕೊಂಡು ಗಾಯವನ್ನು ಪರೀಕ್ಷೆ ಮಾಡಿದಳು.

"ಹೊಲಿಗೆ ಪರವಾಗಿಲ್ಲ ಡಾಕ್ಟ್ರೇ. ಆದ್ರೆ ಬಟ್ಟೆ ಸಾಲದೆ ಎಳೆದು ಸೇರಿಸಿದ್ದೀರಿ."

"ಸರಿಯಾಗೇ ಹೇಳಿದ್ರಮ್ಮ," ಎಂದು ಡಾಕ್ಟರು ನಕ್ಕರು. "ರೇಡಿಯೇಷನ್ ತಿಂದ ಚರ್ಮ ಬೇಗ ಕೂಡಲ್ಲ. ಒಳಗೆ ನೀರು ತುಂಬಿದ್ರೆ ಹೊಲಿಗೆ ಬಿಟ್ಕೊಳುತ್ತೆ. ಕೀವು ಆಳಕ್ಕೆ ಇಳಿದ್ರೆ ಉಳಿಸಿದ ಕಾಲನ್ನೇ ತೆಗೀಬೇಕಾಗುತ್ತೆ."

ನರ್ಸಮ್ಮ ತೊಡೆಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಸುತ್ತಳತೆ ನೋಡಿದಳು. ಐವತ್ತು ಸೆಂಟಿಮೀಟರ್. "ದಿನಾ ಇಲ್ಲೇ ಅಳೀರಿ. ಐವತ್ತೆರಡು ಮುಟ್ಟಿದ ತಕ್ಷಣ ಬನ್ನಿ."

"ನನಗೆ ಅಳೆಯೋದು ಹೇಳ್ಕೊಡ್ತಾಳಲ್ಲ ಆ ನರ್ಸು, ಅತ್ತಿಗೆ!" ಎಂದು ಬಾಬಿನ್ ದಾರಿಯುದ್ದಕ್ಕೂ ನಕ್ಕಳು.

ಮನೆಗೆ ಬಂದು ಕೊರಳಿನ ಟೇಪು ಹಾಕಿ ನೋಡಿದರೆ ನಲವತ್ತೆಂಟೂವರೆ!

"ಊತ ಓಡಿಹೋಯ್ತು ಅತ್ತಿಗೆ!"

ನಾನು ಸೌಟು ಹಿಡಿದು ಕುಣಿದೆ. ಅವಳು ಮಂಚದ ಪಟ್ಟಿಯ ಮೇಲೆ ಕತ್ತರಿಯಿಂದ ತಾಳ ಹಾಕಿದಳು. ಆದರೆ ಐದನೆಯ ದಿನ ಐವತ್ತಾಯಿತು, ಆರನೆಯ ದಿನ ಐವತ್ತೊಂದು. ಚರ್ಮ ಬಿಗಿದು ಮಿರಮಿರ ಹೊಳೆಯುತ್ತಿತ್ತು.

"ಏರ್ತಾ ಇದೆ ಕಣೇ, ಹೋಗೋಣ."

"ಐವತ್ತೆರಡು ಆಗಿದ್ಯಾ? ಮೂವತ್ತು ವರ್ಷದಿಂದ ಇದೇ ಟೇಪು ಹಿಡಿದಿದ್ದೀನಿ. ನನಗೇ ಪಾಠಾನಾ?"

ಏಳನೆಯ ದಿನ ಬೆಳಿಗ್ಗೆ ಅವಳು ಸೀನಿದಳು. ಹೊಲಿಗೆ ಬಿಟ್ಟು ಹಳದಿ ನೀರು ಹಾಸಿಗೆಗೆಲ್ಲ ಹರಿಯಿತು.

ಆಸ್ಪತ್ರೆಯಲ್ಲಿ ನರ್ಸಮ್ಮ ಕೆಂಡವಾದಳು. ಬಾಬಿನ್ ಬಿಟ್ಟಾಳೆಯೇ? ಕೊರಳಿನಿಂದ ಟೇಪು ಎಳೆದು ಅವಳ ಮುಂದೆ ಹಿಡಿದಳು. ನರ್ಸಮ್ಮ ತನ್ನ ಟೇಪನ್ನು ಪಕ್ಕದಲ್ಲಿಟ್ಟಳು. ನಮ್ಮ ಐವತ್ತು ಅವಳ ಐವತ್ತೊಂದೂವರೆಯ ಹತ್ತಿರ ನಿಂತಿತ್ತು. ಎಳೆದೂ ಎಳೆದೂ ನಮ್ಮ ಬಟ್ಟೆಯ ಟೇಪು ಜಗ್ಗಿಹೋಗಿತ್ತು! ಅದರಲ್ಲೇ ಮೈ ಅಳೆದು ಅದರಲ್ಲೇ ಬಟ್ಟೆ ಕತ್ತರಿಸುತ್ತಿದ್ದುದರಿಂದ ಇಷ್ಟು ವರ್ಷ ಒಂದು ರವಿಕೆಯೂ ಕೆಟ್ಟಿರಲಿಲ್ಲ. ಬಾಬಿನ್‌ಗೆ ನಗು ತಡೆಯಲಾಗಲಿಲ್ಲ. ನರ್ಸಮ್ಮನಿಗೂ ಆಗಲಿಲ್ಲ. ಡಾಕ್ಟರು ಗಾಯದೊಳಗೆ ಬೆರಳಿಟ್ಟು, ಕೀವು ಇಳೀತಾ ಇದೆ ಎಂದಾಗಲೇ ನಗು ನಿಂತದ್ದು.

ಎರಡು ಸಲ ಗಾಯ ತೊಳೆದರು. ಮೂರು ವಾರ ನೀರು ಹೀರುವ ಮಿಷಿನ್ ಹಚ್ಚಿದರು. ಅದು ಗೊರಗೊರ ಅಂದಾಗಲೆಲ್ಲ ಇವಳು, "ನಿಮ್ಮಣ್ಣನ ಗೊರಕೆ ಅಲ್ವಾ ಅತ್ತಿಗೆ?" ಎನ್ನುತ್ತಿದ್ದಳು. ನಿಮ್ಮಣ್ಣ ಎಂದರೆ ಅವಳ ಅಣ್ಣ, ನನ್ನ ಗಂಡ. ನಾನು ಕರೆಯುತ್ತಿದ್ದ ಹಾಗೆಯೇ ಕರೆದು ನನ್ನನ್ನು ಅಣಕಿಸುವುದು ಅವಳ ಚಾಳಿ. ಕೊನೆಗೆ ಹೊಟ್ಟೆಯಿಂದ ಮಾಂಸ ತಂದು ಆ ಕುಳಿ ತುಂಬಿ, ಎಡತೊಡೆಯ ಚರ್ಮ ಹೊದಿಸಿದರು. ತೇಪೆ ಹಿಡಿದರೆ ಕಾಲು ಉಂಟು, ಕಪ್ಪಾದರೆ ಇಲ್ಲ.

ಐದನೆಯ ದಿನ ಪಟ್ಟಿ ಬಿಚ್ಚುವಾಗ ಬಾಬಿನ್ ಕಣ್ಣು ಮುಚ್ಚಿ ನನ್ನ ಕೈ ಹಿಂಡಿದಳು.

"ಬಣ್ಣ ಹೇಳಿ ಅತ್ತಿಗೆ."

"ತಡಿಯೇ, ಡಾಕ್ಟ್ರು ನೋಡ್ಲಿ."

"ಹೇಳಿ ಅಂದ್ರೆ!"

"ಗುಲಾಬಿ ಕಣೇ. ಎಳೇ ಗುಲಾಬಿ."

ಡಾಕ್ಟರು ಬೆರಳಿನಿಂದ ಒತ್ತಿದರು. ಬೆಳ್ಳಗಾಯಿತು, ಬೆರಳು ತೆಗೆದರೆ ಮತ್ತೆ ಕೆಂಪೇರಿತು. "ಹಿಡಿದಿದೆ," ಎಂದರು. ನಾನು ಆ ದೊಡ್ಡ ಮನುಷ್ಯರ ಗಲ್ಲ ಹಿಂಡಿಬಿಟ್ಟೆ.

ಮತ್ತೆ ಹತ್ತು ದಿನಕ್ಕೆ ಅವಳನ್ನು ಎಬ್ಬಿಸಿ ನಿಲ್ಲಿಸಿದರು. ಕೋಲೂರಿ ನಾಲ್ಕು ಹೆಜ್ಜೆ ಹಾಕಿದವಳು ಸೀದಾ ಬಚ್ಚಲಿಗೆ ನುಗ್ಗಿ, ನನ್ನ ಮುಖಕ್ಕೇ ಬಾಗಿಲು ಹಾಕಿ ಚಿಲಕ ಜಡಿದಳು. ಎರಡು ತಿಂಗಳಿಂದ ಬೆಡ್‌ಪ್ಯಾನು ಹಿಡಿದವಳು ನಾನು.

"ಬಿದ್ದೀಯ ಕಣೇ, ತೆಗೀ!" ಎಂದು ಬಡಿದೆ.

"ಹೋಗ್ರೀ ಅತ್ತಿಗೆ, ಮರ್ಯಾದೆ ಇಲ್ವಾ?" ಎಂದಳು ಒಳಗಿನಿಂದ. "ಎರಡು ಕಾಲ ಮೇಲೆ ನಿಂತಿದ್ದೀನಿ!"

ನಾನು ಅಲ್ಲೇ ಗೋಡೆಗೊರಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ.