ಇಡ್ಲಿಯೊಳಗಿನ ಹದಿನಾಲ್ಕು ಮಾತ್ರೆ

ಗಿರಿಜಾ ಮಾಮಿ, ಬೋಂಡನ ಇಡ್ಲಿಯೊಳಗೆ ಮಾತ್ರೆ ಇತ್ತು. ಬೆಳಿಗ್ಗೆ ಒಂದು, ಸಂಜೆ ಒಂದು, ಏಳು ದಿನ — ಒಟ್ಟು ಹದಿನಾಲ್ಕು. ಇಟ್ಟವಳು ನಾನು. ಪುಸ್ತಕದಲ್ಲಿ ಬರೆಯದೆ ಬಿಟ್ಟವಳೂ ನಾನೇ.

ನಾಲ್ಕು ವರ್ಷವಾಯಿತು. ಆ ನೀಲಿ ರಟ್ಟಿನ ಪುಸ್ತಕ ಈಗ ನನ್ನ ಮುಂದೆ ತೆರೆದಿದೆ. ಸ್ಕೇಲ್ ಇಟ್ಟು ಎಳೆದ ನಾಲ್ಕು ಕಾಲಂ: ದಿನ, ಉಸಿರು, ಗಾಯ, ಆಹಾರ. ಡೊಂಬಿವಲಿಯಲ್ಲಿ ಹುಟ್ಟಿ ಮರಾಠಿ ಶಾಲೆಗೆ ಹೋದ ನನಗೆ ಕನ್ನಡ ಅಕ್ಷರ ತಿದ್ದಿಸಿದವರು ನೀವು. ನೀವು ಓದಬೇಕೆಂದೇ ಇದನ್ನು ಕನ್ನಡದಲ್ಲಿ ಬರೆದೆ. ಆಹಾರದ ಕಾಲಂನಲ್ಲಿ 'ಇಡ್ಲಿ ೨' ಎಂದಿದೆ. ಎರಡೇ ಕೊಟ್ಟಿದ್ದೆ, ನಿಜ. ಒಂದಕ್ಷರವೂ ತಪ್ಪಿಲ್ಲದ ಪುಟ ಹೀಗೆ ಸುಳ್ಳು ಹೇಳಬಲ್ಲದು ಎಂದು — ಇಲ್ಲ, ಪುಟದ ಮೇಲೆ ಹಾಕುವುದು ಬೇಡ. ಸುಳ್ಳು ನನ್ನದು.

ಮೊದಲನೇ ದಿನ, ಮಂಗಳವಾರ. ನಮ್ಮ ವಸತಿ ಸೊಸೈಟಿಯ ನಾಯಿ ಬೋಂಡನಿಗೆ ರಿಕ್ಷಾ ಹೊಡೆದಿತ್ತು. ಮಾಮನ ಹೋಟೆಲಿನ ಹಿಂಬಾಗಿಲಲ್ಲಿ ದಿನಾ ಬೋಂಡಕ್ಕೆ ಕಾಯುತ್ತಿತ್ತೆಂದು ಅವರೇ ಅದಕ್ಕೆ ಆ ಹೆಸರಿಟ್ಟದ್ದು. ಪಾರ್ಕಿಂಗಿನ ಮೂಲೆಯಲ್ಲಿ ಬಿದ್ದಿತ್ತು, ತೊಡೆ ಹರಿದಿತ್ತು, ಹತ್ತಿರ ಹೋದ ವಾಚ್‌ಮನ್‌ಗೆ ಹಲ್ಲು ತೋರಿಸಿತ್ತು. ನೀವು ನೆಲದ ಮೇಲೆಯೇ ಕೂತಿರಿ. ಥಾಣೆ ಪಟ್ಟಣದ ತರಗತಿಯಲ್ಲಿ, ಅಂಗೈಯಿಂದ ನೋವು ಇಳಿಸುವ ರೇಕಿ ಕಲಿತು ಆಗ ಒಂದು ವರ್ಷವಾಗಿತ್ತಷ್ಟೆ. ಎರಡೂ ಅಂಗೈಗಳನ್ನು ಅದರ ಮೈಯಿಂದ ನಾಲ್ಕು ಬೆರಳಷ್ಟು ಮೇಲೆ ಹಿಡಿದಿರಿ, ಮುಟ್ಟಲಿಲ್ಲ.

ನಾನು ಗಡಿಯಾರ ನೋಡುತ್ತ ಉಸಿರು ಎಣಿಸಿದೆ. ನಿಮಿಷಕ್ಕೆ ಅರವತ್ತನಾಲ್ಕು. ಹತ್ತು ನಿಮಿಷದ ನಂತರ ನಲವತ್ತೊಂದು. ಇಪ್ಪತ್ತೈದು ನಿಮಿಷಕ್ಕೆ ಇಪ್ಪತ್ತಾರು. ಎಣಿಕೆ ತಪ್ಪಿರಬೇಕೆಂದು ಮತ್ತೆ ಎಣಿಸಿದೆ. ಇಪ್ಪತ್ತಾರೇ. ಆಮೇಲೆ ಬೋಂಡ ತಾನಾಗಿಯೇ ತಲೆ ಎತ್ತಿ ನಿಮ್ಮ ಅಂಗೈಗೆ ಆನಿಸಿತು. ನನ್ನ ಮೈ ಜುಮ್ಮೆಂದಿತು, ಮಾಮಿ. ಏನನ್ನು ನೋಡಿದರೂ ಲೆಕ್ಕ ಕೇಳುವ ನಾನು ಪೆನ್ನು ಹಿಡಿದು ಸುಮ್ಮನೆ ಕೂತಿದ್ದೆ.

ಮಾಮ ಹೋಟೆಲಿನಿಂದ ಬಂದವರು ನೋಡಿ ನಕ್ಕರು. "ನಿನ್ನ ಕೈಯಲ್ಲಿ ಅಷ್ಟು ಕರೆಂಟ್ ಉಂಟಾದ್ರೆ ಮಿಕ್ಸಿ ಓಡಿಸು ಮಾರಾಯ್ತಿ, ಬಿಲ್ ಆದ್ರೂ ಉಳೀತದೆ."

ನೀವು ತಿರುಗಿ ನೋಡಲೂ ಇಲ್ಲ. "ನಗಲಿ. ನೀನು ಬರೆದಿಡು ಮಗಾ. ಹನ್ನೊಂದು ದಿನ ಕೈ ಇಡುವ, ಮತ್ತೆ ಪುಸ್ತಕ ಅವರ ಮುಖಕ್ಕೆ ಹಿಡಿಯುವ."

ಎರಡನೇ ದಿನವೂ ಉಸಿರು ಹಾಗೆಯೇ ಇಳಿಯಿತು. ಗಾಯ ಮಾತ್ರ ಇಳಿಯಲಿಲ್ಲ. ಮೂರನೇ ದಿನ ಬೆಳಿಗ್ಗೆ ಅದರ ಅಂಚು ಹಳದಿಯಾಗಿ ವಾಸನೆ ಬರುತ್ತಿತ್ತು. ನೀವು ಭಜನೆಗೆ ಹೋದ ಹೊತ್ತಿನಲ್ಲಿ ಪಕ್ಕದ ಊರು ಕಲ್ಯಾಣದಿಂದ ಪಶುವೈದ್ಯರೊಬ್ಬರನ್ನು ಕರೆಸಿದೆ. ಅವರು ಗಾಯ ತೊಳೆದು, ಕೀವಿಗೆ ಮಾತ್ರೆ ಕೊಟ್ಟು ಹೋದರು. ಮಾತ್ರೆ ಹಾಕಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ನಿಮ್ಮಿಂದ ಮುಚ್ಚಿಟ್ಟದ್ದು — ಅದಕ್ಕೆ. ಕೇಳಿದ್ದರೆ ನೀವು ಬೇಡ ಎನ್ನುತ್ತಿದ್ದಿರೋ ಏನೋ, ನಾನು ಕೇಳಲೇ ಇಲ್ಲ. ನಿಮಗೆ ನೋವಾದೀತು, ಮಾಮ ನಕ್ಕಾರು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಮಾತು. ಉಳಿದರ್ಧ ಇದು: ಆ ಪುಟ ಎಷ್ಟು ಚೆನ್ನಾಗಿ ಬರುತ್ತಿತ್ತು! ಅದರ ಮಧ್ಯೆ 'ಮಾತ್ರೆ' ಎಂಬ ಪದ ನನಗೆ ಬೇಡವಾಗಿತ್ತು. ಕಲೆಯಿಲ್ಲದ ಒಂದು ಪವಾಡ ನನ್ನ ಕೈಬರಹದಲ್ಲಿ ಇರಬೇಕೆಂದು ನನಗೆ ಆಸೆಯಾಗಿತ್ತು.

ಹನ್ನೊಂದನೇ ದಿನ ಬೋಂಡ ಎದ್ದು ಹೋಟೆಲಿನ ಹಿಂಬಾಗಿಲವರೆಗೂ ಕುಂಟುತ್ತ ನಡೆಯಿತು. ಮಾಮ ಪುಸ್ತಕವನ್ನು ಎರಡು ಸಲ ಓದಿ, ನಿಮಗೊಂದು ಕಾಫಿ ತಂದಿಟ್ಟರು. ಆವತ್ತು ನಿಮ್ಮ ಮುಖ — ಅದನ್ನು ನೋಡಿದ ಮೇಲೆ ನಾನು ಬಾಯಿ ಬಿಡುವುದು ಇನ್ನೂ ಕಷ್ಟವಾಯಿತು.

ಪುಟಗಳ ಫೋಟೋ ಭಜನಾ ಮಂಡಳಿಯ ಗ್ರೂಪಿಗೆ ಹೋಯಿತು. ಮೂರು ವಾರದ ನಂತರ, ಅದನ್ನು ನೋಡಿದ್ದ ಐರೋಲಿಯ ವಿದ್ಯಾ ನನಗೆ ಫೋನ್ ಮಾಡಿದರು. ಅವರ ಬೆಕ್ಕು ಚಿನ್ನು ನಾಲ್ಕನೇ ಮಹಡಿಯ ಗ್ರಿಲ್ಲಿನಿಂದ ಬಿದ್ದಿತ್ತು, ಹಿಂಗಾಲು ಸೀಳಿತ್ತು.

"ನೀವೇ ಅಲ್ವಾ ಬರೆದದ್ದು? ಒಂದು ಕೇಳ್ತೇನೆ, ಸರಿಯಾಗಿ ಹೇಳಿ. ನಾಯಿಗೆ ಔಷಧ ಏನಾದ್ರೂ ಕೊಟ್ಟಿದ್ರಾ? ನಮ್ಮ ಚಿನ್ನು ಡಾಕ್ಟರ್ ಅಂದ್ರೆ ಹೆದರಿ ಸಾಯ್ತದೆ, ಅದಕ್ಕೆ."

ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಹೇಳಿಬಿಡಬಹುದಿತ್ತು.

"ಪುಸ್ತಕದಲ್ಲಿ ಏನಿದೆಯೋ ಅಷ್ಟೇ" ಎಂದೆ.

ಚಿನ್ನುವಿಗೆ ಕೈ ಇಡಲು ನೀವು ಒಂಬತ್ತು ದಿನ ಹೋದಿರಿ. ಡೊಂಬಿವಲಿಯಿಂದ ಥಾಣೆಗೆ, ಅಲ್ಲಿ ಗಾಡಿ ಬದಲಿಸಿ ಐರೋಲಿಗೆ. ಆರನೇ ದಿನ, ಭಾನುವಾರ, ನಾನೂ ಬಂದಿದ್ದೆ. ಮಂಚದಡಿ ಅಡಗಿದ್ದ ಚಿನ್ನು ನಿಮ್ಮ ದನಿ ಕೇಳಿ ತೆವಳಿಕೊಂಡು ಹೊರಗೆ ಬಂತು. ಉಸಿರು ಎಪ್ಪತ್ತರಿಂದ ಮೂವತ್ತೆಂಟಕ್ಕೆ ಇಳಿಯಿತು. ನಿಮ್ಮ ಕೈಯಡಿಯಲ್ಲಿ ಕಣ್ಣು ಮುಚ್ಚಿ ಗುರುಗುಟ್ಟುತ್ತ ಮಲಗಿತು. ಮತ್ತೆ ಅದೇ ಬೆರಗು — ನೋವಿನಲ್ಲಿರುವ ಒಂದು ಜೀವ ಇಷ್ಟು ನಂಬಬಲ್ಲದೇ! ಅದೇ ಹೊತ್ತಿಗೆ ಅದರ ಕಾಲಿನಿಂದ ಆ ವಾಸನೆಯೂ ನನಗೆ ಬಂತು. ಗುರುತು ಸಿಕ್ಕಿತು. "ಡಾಕ್ಟರಿಗೂ ಒಮ್ಮೆ ತೋರಿಸುವನಾ?" ಎಂದು ಮಾತ್ರ ಕೇಳಿದೆ.

"ಬೋಂಡನಿಗೂ ಮೂರನೇ ದಿನ ಹೀಗೇ ಇತ್ತಲ್ಲ ಮಗಾ. ನೀನೇ ಬರೆದಿದ್ದೀ. ಮತ್ತೆ ತಾನೇ ಒಣಗಿತು" ಎಂದಿರಿ.

ರೈಲಿನಲ್ಲಿ ಮನೆಯವರೆಗೂ ಮಾತ್ರೆಯ ಮಾತು ಎತ್ತಲಿಲ್ಲ.

ಒಂಬತ್ತನೇ ದಿನ ಚಿನ್ನು ಕಣ್ಣು ತೆರೆಯದಾದಾಗ ವಿದ್ಯಾ ಅದನ್ನು ಆಸ್ಪತ್ರೆಗೆ ಒಯ್ದರು. ನಾಲ್ಕು ದಿನ ಮೊದಲೇ ತಂದಿದ್ದರೆ ಕಾಲು ಉಳಿಯುತ್ತಿತ್ತು ಎಂದರಂತೆ ಅಲ್ಲಿಯ ವೈದ್ಯರು. ಚಿನ್ನು ಬದುಕಿತು, ಮೂರು ಕಾಲಿನಲ್ಲಿ. ವಿದ್ಯಾ ನಿಮಗೆ ಒಂದು ಮಾತೂ ಅನ್ನಲಿಲ್ಲ. ನೀವೇ ನಿಮ್ಮ ಎರಡೂ ಅಂಗೈ ನೋಡಿಕೊಂಡು ಹೇಳಿದಿರಿ: "ಇದರಲ್ಲಿ ಎಂತದೂ ಇಲ್ಲ. ಯಾವತ್ತೂ ಇರ್ಲಿಲ್ಲ. ಬೋಂಡ ಅದರ ಪುಣ್ಯಕ್ಕೆ ಬದುಕಿದ್ದು." ಪಕ್ಕದಲ್ಲೇ ನಿಂತಿದ್ದ ನಾನು ಆಗಲೂ ಹೇಳಲಿಲ್ಲ.

ಅಂದಿನಿಂದ ನೀವು ಯಾವ ಪ್ರಾಣಿಯ ಮೇಲೂ ಕೈ ಇಟ್ಟಿಲ್ಲ. ಬೋಂಡನಿಗೆ ಈಗ ವಯಸ್ಸಾಗಿದೆ. ಈಗಲೂ ಸಂಜೆ ನೀವು ಕೂರುವ ಬೆಂಚಿನ ಹತ್ತಿರ ಬಂದು ತಲೆ ಎತ್ತಿ ನಿಮ್ಮ ಅಂಗೈ ಹುಡುಕುತ್ತದೆ. ನೀವು ಕೈ ಮಡಚಿ ಸೆರಗಿನೊಳಗೆ ಇಟ್ಟುಕೊಳ್ಳುತ್ತೀರಿ. ಕಳೆದ ತಿಂಗಳು ಎಣಿಸಿದೆ: ಹತ್ತೊಂಬತ್ತು ಸಂಜೆ ಬಂದಿತು, ಹತ್ತೊಂಬತ್ತು ಸಂಜೆಯೂ ಹಾಗೆಯೇ ಹೋಯಿತು. ಇಪ್ಪತ್ತನೆಯದನ್ನು ಎಣಿಸಲು ನನ್ನಿಂದ ಆಗಲಿಲ್ಲ.

ಇವತ್ತು ಬೆಳಿಗ್ಗೆ ವಿದ್ಯಾ ಅವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು "ನಾನು ಕೇಳಿದ್ದೆ ನಿಮ್ಮನ್ನು" ಎಂದು ಫೋನ್ ಇಟ್ಟರು. ಹೌದು, ಕೇಳಿದ್ದರು.

ಮತ್ತೆ ಸ್ಕೇಲ್ ತೆಗೆದುಕೊಂಡು ಪುಸ್ತಕದಲ್ಲಿ ಐದನೆಯ ಕಾಲಂ ಎಳೆದಿದ್ದೇನೆ, ಕೆಂಪು ಶಾಯಿಯಲ್ಲಿ: 'ಮಾತ್ರೆ'. ಮೂರನೇ ದಿನದಿಂದ ಒಂಬತ್ತನೇ ದಿನದವರೆಗೆ, ದಿನಕ್ಕೆ ಎರಡರಂತೆ, ಹದಿನಾಲ್ಕು ಗೆರೆ. ಈ ಕಾಗದ, ಈ ಪುಸ್ತಕ ಎರಡನ್ನೂ ಸಂಜೆ ನಿಮ್ಮ ಕೈಗೆ ಕೊಟ್ಟು, ನೀವು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ.

ಓದುವಾಗ ಒಂದನ್ನು ಮಾತ್ರ ನೋಡಿ. ನಿಮ್ಮ ಕೈಯಲ್ಲಿ ಏನಿತ್ತು, ಏನಿರಲಿಲ್ಲ ಎಂದು ತಿಳಿಯುವ ದಾರಿಯನ್ನೂ ನಾನು ಮುಚ್ಚಿಬಿಟ್ಟಿದ್ದೆ. ಮೊದಲನೇ ದಿನದ ಎದುರು ಕೆಂಪು ಕಾಲಂ ಖಾಲಿಯಿದೆ. ಎರಡನೇ ದಿನದ ಎದುರೂ ಖಾಲಿ. ಆ ಎರಡು ದಿನ ಇಡ್ಲಿಯಲ್ಲಿ ಏನೂ ಇರಲಿಲ್ಲ, ಮಾಮಿ. ಅರವತ್ತನಾಲ್ಕು, ನಲವತ್ತೊಂದು, ಇಪ್ಪತ್ತಾರು — ಅಲ್ಲಿದ್ದದ್ದು ನೀವು ಮಾತ್ರ.